ಪ್ಲಾಸಿಯಲ್ಲಿ ಸುಮ್ಮನೆ ನಿಂತ ಮಾಸ್ತರರು

ನಮ್ಮ ಹೈಸ್ಕೂಲಿಗೆ ಬೆಳ್ಳಿಹಬ್ಬವಂತೆ. ಅದಕ್ಕೊಂದು ಸ್ಮರಣ ಸಂಚಿಕೆಯಂತೆ. ಸಂಪಾದಕರು ಈಗಿನ ಇತಿಹಾಸದ ಮಾಸ್ತರರು, ಅಂದರೆ ಸಂಸ್ಥೆಯ ಅಧ್ಯಕ್ಷರ ಹೆಂಡತಿಯ ತಮ್ಮನ ಮಗ. ಇತಿಹಾಸದಲ್ಲಿ ಅವರಿಗೆ ಅಷ್ಟೇನೂ ರುಚಿ ಇಲ್ಲ, ಆದರೆ ಸಂಬಂಧ ಗಟ್ಟಿ. ಮೊನ್ನೆ ಮನೆಗೆ ಬಂದು, ನಿವೃತ್ತಳಾಗಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದ ನನ್ನನ್ನು ಮಾತಾಡಿಸಿದರು. ಹೋದ ತಿಂಗಳು ಆಲಮಟ್ಟಿಯಲ್ಲಿ ತೀರಿಕೊಂಡ ಹಳೆಯ ಇತಿಹಾಸದ ಮಾಸ್ತರರ ಬಗ್ಗೆ ನಾನೇ ಬರೆಯಬೇಕಂತೆ, ಅವರ ಜೊತೆ ಕೆಲಸ ಮಾಡಿದವರಲ್ಲಿ ಬರೆಯಲು ಬರುವವಳು ನಾನೊಬ್ಬಳೇ ಅಂತೆ. ಚಹಾ ಕುಡಿದು ಹೊರಟವರು ಬಾಗಿಲಲ್ಲಿ ನಿಂತು, "ಹೆಸರೊಂದ ಹಾಕಬ್ಯಾಡ್ರಿ ಅಕ್ಕಾರ. ಅಧ್ಯಕ್ಷರು ಓದ್ತಾರ" ಅಂದರು.

ಅಧ್ಯಕ್ಷರು ಓದುತ್ತಾರೆ ಎಂಬ ಸುದ್ದಿಯೇ ನನಗೆ ಹೊಸದು. ಇರಲಿ. ಹೆಸರು ಹಾಕುವುದಿಲ್ಲ. ಮಾಸ್ತರರು ಅಂದರೆ ಸಿಂದಗಿಯಿಂದ ಇಂಡಿಯವರೆಗೆ ಯಾರಿಗೆ ಗೊತ್ತಾಗಬೇಕೋ ಅವರಿಗೆ ಗೊತ್ತಾಗುತ್ತದೆ, ಗೊತ್ತಾಗದವರಿಗೆ ಹೆಸರು ಹೇಳಿಯೂ ಉಪಯೋಗವಿಲ್ಲ.

ಅವರು ಕೊಲ್ಹಾರದವರು. ಕೃಷ್ಣೆಯ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ ಹೊಸ ಊರಿಗೆ ಬಂದ ಸಾಬರ ಮನೆತನ. ರಜೆಗೆ ಹೋದರೆ ಗಡಿಗೆಯಲ್ಲಿ ಕೊಲ್ಹಾರದ ಮೊಸರು ತರುತ್ತಿದ್ದರು. ಬಸ್ಸಿನಲ್ಲಿ ಅಷ್ಟು ದೂರ ತೊಡೆಯ ಮೇಲಿಟ್ಟುಕೊಂಡು ತಂದ ಮೊಸರನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೆರಳು ಚೀಪಿ ತಿನ್ನುತ್ತಿದ್ದರು. ತಿಂದ ಮೇಲೆ ಅವರ ಬೆನ್ನ ಹಿಂದೆ ಆಡಿಕೊಳ್ಳಲು ಹೊಸ ಶಕ್ತಿ ಬರುತ್ತಿತ್ತು. ನಮ್ಮ ಬಿಸಿಲಿನಲ್ಲೂ ಅವರ ಮೈಮೇಲೆ ಒಂದು ಕಪ್ಪು ಕೋಟು. ಅದರ ಎರಡೂ ಜೇಬಿನಲ್ಲಿ ಹುರಿದ ಶೇಂಗಾ. ಆ ಶೇಂಗಾ ಅವರ ಸೈನ್ಯ.

ಯುದ್ಧದ ಪಾಠ ಬಂತೆಂದರೆ ಮೇಜಿನ ಮೇಲೆ ಶೇಂಗಾಕಾಳು ಸಾಲಾಗಿ ನಿಲ್ಲುತ್ತಿದ್ದವು. ಇದು ಕಾಲಾಳು, ಇದು ಕುದುರೆ, ಈ ಚಾಕ್‌ಪೀಸು ತೋಪು. ಸತ್ತ ಸೈನಿಕರನ್ನು ಹುಡುಗರು ತಿನ್ನಬಹುದು, ಅದು ನಿಯಮ. ಹೀಗಾಗಿ ಪಾಣಿಪತ್ತಿನ ದಿನ ಯಾರೂ ಗೈರುಹಾಜರಾಗುತ್ತಿರಲಿಲ್ಲ. ಪ್ಲಾಸಿ ಕದನದ ದಿನ ಮಾತ್ರ ಹುಡುಗರ ಮುಖ ಬಾಡುತ್ತಿತ್ತು, ಯಾಕೆಂದರೆ ಅಲ್ಲಿ ಸತ್ತವರು ಕಡಿಮೆ. ವ್ಯಾಪಾರಕ್ಕೆಂದು ಬಂದ ಈಸ್ಟ್ ಇಂಡಿಯಾ ಕಂಪನಿಯದು ಒಂದು ಹಿಡಿ ಕಾಳು. ಎದುರಿಗೆ ಬಂಗಾಲದ ನವಾಬನದು ದೊಡ್ಡ ರಾಶಿ. ಆ ರಾಶಿಯಲ್ಲೇ ಅರ್ಧಕ್ಕಿಂತ ಹೆಚ್ಚನ್ನು ಮಾಸ್ತರರು ಬೇರೆ ಮಾಡಿ ಮೇಜಿನ ಅಂಚಿಗೆ ಸರಿಸಿಡುತ್ತಿದ್ದರು. ಅದು ನವಾಬನ ಸೇನಾಪತಿಯ ದಂಡು. ಕಂಪನಿಯವರು ಅವನಿಗೆ, ಯುದ್ಧದಲ್ಲಿ ಸುಮ್ಮನೆ ನಿಲ್ಲು, ಮುಂದೆ ನಿನ್ನನ್ನೇ ನವಾಬನನ್ನಾಗಿ ಮಾಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಅವನು ನಿಂತ. ಕಂಪನಿ ಗೆದ್ದಿತು. ಪಾಠ ಮುಗಿದ ಮೇಲೆ ಅಂಚಿನ ರಾಶಿ ಹಾಗೇ ಉಳಿದಿರುತ್ತಿತ್ತು. ಯಾವನೋ ಆಸೆಬುರುಕ ಹುಡುಗ ಇವನ್ನು ತಿನ್ನಬಹುದೇ ಎಂದು ಕೇಳಿದರೆ, ಇವರು ಸತ್ತೇ ಇಲ್ಲ, ಬರೇ ನಿಂತಿದ್ದಾರೆ ಎಂದು ಹೇಳಿ ಕಾಳುಗಳನ್ನು ಕೋಟಿನ ಜೇಬಿಗೆ ಸುರಿದುಕೊಳ್ಳುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ನಮ್ಮ ಪಿ.ಟಿ. ಮಾಸ್ತರರಿಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟಿದ್ದು ತೊಂಬತ್ತರ ದಶಕದಲ್ಲಿ. ಆಗ ದೇಶದಲ್ಲಿ ಬಹಳ ಜನರಿಗೆ ಹಾಗೆ ದಿಢೀರನೆ ಹುಟ್ಟಿತ್ತು. ಒಂದು ದಿನ ಹಲ್ಲು ಚುಚ್ಚಿಕೊಳ್ಳುತ್ತ, "ಆ ಮಾರಿಕೊಂಡ ಸೇನಾಪತಿ ನಿಮ್ಮಾಂವ ಅಲ್ರಿ?" ಎಂದು ಕೇಳಿಯೇಬಿಟ್ಟರು. ಮಾಸ್ತರರು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೌದ್ರಿ, ನಮ್ಮಾಂವ. ನವಾಬನೂ ನಮ್ಮಾಂವನ. ನಡುವ ರೊಕ್ಕದ ವ್ಯವಹಾರ ಮಾಡಿದ ಸೇಠ ಒಬ್ಬ ಇದ್ದ. ಅಂವ ಯಾರಾಂವ ಅನ್ನೂದ ಅಷ್ಟ ನೀವ ಹೇಳ್ರಿ" ಅಂದರು. ಪಿ.ಟಿ. ಮಾಸ್ತರರಿಗೆ ಗಂಟೆ ಬಾರಿಸುವ ಕೆಲಸ ಒಮ್ಮೆಲೇ ನೆನಪಾಯಿತು. ಆ ದಿನ ಸಾಲಿ ಬೇಗ ಬಿಟ್ಟಿತು.

ಈಗ ಅವರ ನೌಕರಿಯ ಕಥೆ. ಇಷ್ಟೊಳ್ಳೆಯ ಮಾಸ್ತರರನ್ನು ನಮ್ಮ ಸಂಸ್ಥೆ ವರ್ಷಗಟ್ಟಲೆ ತಾತ್ಪೂರ್ತಿಕವಾಗಿಯೇ ಇಟ್ಟುಕೊಂಡಿತ್ತು. ಖಾಸಗಿ ಸಾಲಿ, ಸರಕಾರದ ಅನುದಾನ ಬಂದಿರಲಿಲ್ಲ. ಜೂನಿನಲ್ಲಿ ಕರೆಯುವುದು, ಮಾರ್ಚಿನಲ್ಲಿ ಬಿಡುವುದು. ಪ್ರತಿ ವರ್ಷ ಕಾಯಂ ಮಾಡುವ ಮಾತು ತೆಗೆದರೆ ಅಧ್ಯಕ್ಷರು ಎಲೆ ಅಡಿಕೆ ಜಗಿಯುತ್ತ, ಬರೋ ವರ್ಷ ನೋಡೋಣು ಅನ್ನುತ್ತಿದ್ದರು. ನಾನು ಮಾತ್ರ ಕಾಯಂ ಆಗಿದ್ದೆ. ನನ್ನ ಹಳಗನ್ನಡದ ಪಾಂಡಿತ್ಯದಿಂದ ಆದೆ ಎಂದು ಯಾರಾದರೂ ತಿಳಿದಿದ್ದರೆ ಸಂತೋಷ, ಆಡಳಿತ ಮಂಡಳಿಯಲ್ಲಿ ನನ್ನ ಮಾವನವರಿದ್ದರು.

ಕೊನೆಗೊಂದು ವರ್ಷ ಅನುದಾನ ಬಂತು. ಇತಿಹಾಸಕ್ಕೆ ಒಂದೇ ಹುದ್ದೆ. ಯಾರ ಹೆಸರನ್ನು ಅಧ್ಯಕ್ಷರು ಮೇಲೆ ಕಳಿಸುತ್ತಾರೋ ಅವರು ಬದುಕಿದರು. ಅದೇ ಹೊತ್ತಿಗೆ ಅಧ್ಯಕ್ಷರ ಹೆಂಡತಿಯ ತಮ್ಮನ ಮಗ ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದ. ಮಾಸ್ತರರಿಗೆ ಆಗಲೇ ವಯಸ್ಸಿನ ಮಿತಿ ದಾಟುವ ಸಮಯ, ಇದು ತಪ್ಪಿದರೆ ಮುಂದೆ ಯಾವ ಸಾಲಿಯಲ್ಲೂ ಕಾಯಂ ಆಗುವಂತಿರಲಿಲ್ಲ. ಮನೆಯಲ್ಲಿ ಹೆಂಡತಿ ಹೊಲಿಗೆ ಮಷಿನ್ನು ತುಳಿಯುತ್ತಿದ್ದರು, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು.

ಇಂಥ ಹೊತ್ತಿನಲ್ಲಿ ಸಾಲಿಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ಪ್ರತಿ ಗ್ಯಾದರಿಂಗಿಗೂ ಮಾಸ್ತರರದೊಂದು ಐತಿಹಾಸಿಕ ನಾಟಕ ಇದ್ದೇ ಇರುತ್ತಿತ್ತು. ಆ ವರ್ಷ ಪ್ಲಾಸಿ ಕದನ. ನವಾಬನ ಪಾತ್ರ ಹತ್ತನೆಯ ಇಯತ್ತೆಯಲ್ಲಿದ್ದ ಅಧ್ಯಕ್ಷರ ಮೊಮ್ಮಗನಿಗೆ ಹೋಯಿತು. ಹೋಯಿತು ಅನ್ನುವುದಕ್ಕಿಂತ ಬಂದು ಕುಳಿತಿತು ಅನ್ನಬೇಕು, ಆದರೆ ಹುಡುಗ ಒಳ್ಳೆಯವನು, ಮಾತೆಲ್ಲ ಬಾಯಿಪಾಠ ಮಾಡಿದ್ದ. ಹಣೆಗೆ ವಿಭೂತಿ ಇಲ್ಲದೆ ಮೊಮ್ಮಗ ಹೊಸ್ತಿಲು ದಾಟಕೂಡದು ಎಂದು ಅವನ ಅಜ್ಜಿ ಹಟ ಹಿಡಿದರು. ಇರಲಿ ಬಿಡ್ರಿ, ಬಂಗಾಲದಿಂದ ಯಾರೂ ನೋಡಾಕ ಬರೂದಿಲ್ಲ ಎಂದು ಮಾಸ್ತರರು ಒಪ್ಪಿದರು.

ಕಂಪನಿಯ ಸಾಹೇಬನಾಗಲು ಹುಡುಗರಲ್ಲಿ ಜಗಳವೇ ಆಯಿತು, ಯಾಕೆಂದರೆ ಅವನಿಗೆ ಬೂಟು ಹ್ಯಾಟು ಇದ್ದವು. ಸೇನಾಪತಿಯ ಪಾತ್ರಕ್ಕೆ ಮಾತ್ರ ಯಾರೂ ಇಲ್ಲ. ಒಬ್ಬ ಹುಡುಗ ಒಪ್ಪಿದ್ದ, ಮರುದಿನ ಅವನ ಅವ್ವ ಸಾಲಿಗೇ ಬಂದು, ಊರ ಮುಂದೆ ನನ್ನ ಮಗನನ್ನು ದ್ರೋಹಿ ಮಾಡಿದರೆ ನಾಳೆ ಅವನಿಗೆ ಹೆಣ್ಣು ಕೊಡುವವರು ಯಾರು ಎಂದು ಕೇಳಿದಳು. ಹುಡುಗನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಕಡೆಗೆ ಆ ಪಾತ್ರವನ್ನು ಮಾಸ್ತರರೇ ತೆಗೆದುಕೊಂಡರು. ತಮಗೆ ಆಗಲೇ ಹೆಣ್ಣು ಕೊಟ್ಟಾಗಿದೆ, ಹೆದರಿಕೆ ಇಲ್ಲ ಅಂದರು.

ಒಂದು ದಿನ ತಾಲೀಮು ನೋಡಲು ಅಧ್ಯಕ್ಷರು ಬಂದರು. ನಾನು ಹುಡುಗರ ಮಾತು ತಿದ್ದುತ್ತ ಅಲ್ಲೇ ಇದ್ದೆ. ಸ್ವಲ್ಪ ಹೊತ್ತು ನೋಡಿ, ಕಡೀಕ ಯಾರು ಗೆಲ್ತಾರ ಎಂದು ಕೇಳಿದರು. ಕಂಪನಿ ಗೆಲ್ತೈತ್ರಿ ಎಂದರು ಮಾಸ್ತರರು.

"ನಮ್ಮ ಹುಡುಗ ಊರ ಮುಂದ ಸೋಲೂದು ಚಂದ ಕಾಣೂದಿಲ್ರಿ. ನಾಟಕ ನಿಮ್ಮ ಕೈಯಾಗೈತಿ, ಗೆಲ್ಲಸ್ರಿ. ನಿಮ್ಮ ಕಾಗದಾನೂ ನನ್ನ ಕೈಯಾಗ ಐತಿ."

ಇಷ್ಟು ಸ್ಪಷ್ಟವಾಗಿ ನಮ್ಮ ಅಧ್ಯಕ್ಷರು ಎಂದೂ ಮಾತಾಡಿದ್ದಿಲ್ಲ. ಮಾಸ್ತರರು ತಲೆ ಕೆರೆದುಕೊಂಡು ನೋಡ್ತೇನ್ರಿ ಅಂದರು. ಅಧ್ಯಕ್ಷರು ಅದನ್ನು ಹೂಂ ಎಂದು ತಿಳಿದು ಹೋದರು. ನಾವೂ ಹಾಗೇ ತಿಳಿದೆವು. ತಾಲೀಮಿನಲ್ಲಿ ಮಾಸ್ತರರು ನಾಟಕವನ್ನು ಒಂದು ದೃಶ್ಯದವರೆಗೆ ಮಾತ್ರ ಕಲಿಸಿದರು. ಮಳೆ ಬಿದ್ದು ತೋಪಿನ ಮದ್ದು ತೊಯ್ದಿದೆ, ನಂಬಿಗಸ್ಥ ದಳಪತಿ ಸತ್ತಿದ್ದಾನೆ. ನವಾಬ ತನ್ನ ತಲೆಗೆ ಸುತ್ತಿದ್ದ ಪಟಗ ತೆಗೆದು ಸೇನಾಪತಿಯ ಕಾಲ ಮುಂದೆ ಇಟ್ಟು, ನನ್ನ ಮಾನ ಉಳಿಸು ಎಂದು ಬೇಡಿಕೊಳ್ಳುತ್ತಾನೆ. ಅದರ ಮುಂದಿನದನ್ನು ಆಟದ ದಿನ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟರು.

ನಾನು ಸುಮ್ಮನಿರುವವಳಲ್ಲ. ಅರ್ಧ ತಾಸಿನ ಆಟದಲ್ಲಿ ನವಾಬ ಗೆದ್ದರೆ ನಿಮ್ಮ ಗಂಟು ಏನು ಹೋಗುತ್ತದೆ, ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದಾರೆ ಎಂದು ಬೈದೇ ಹೇಳಿದೆ. ಮಾಸ್ತರರು ನಕ್ಕರು.

"ಅಲ್ರಿ ಅಕ್ಕಾರ, ನಾವ ಗೆದ್ದಿದ್ವಿ ಅಂದ್ರ, ಆಮ್ಯಾಲ ಅವರು ಎರಡನೂರು ವರ್ಷ ಇಲ್ಲಿ ಬೀಗತನಕ್ಕ ಬಂದು ಕುಂತಿದ್ರೇನು? ಹುಡುಗೂರು ಕೇಳಿದ್ರ ಏನ್ ಹೇಳಲಿ?"

ಹುಡುಗರು ಎಂದೂ ಏನನ್ನೂ ಕೇಳುವುದಿಲ್ಲ ಎಂದು ನಾನು ಹೇಳಿದೆ. ಅದು ನಮ್ಮ ಸಾಲಿಯ ಹೆಮ್ಮೆಯಾಗಿತ್ತು.

ಗ್ಯಾದರಿಂಗ್ ಮಧ್ಯಾಹ್ನವೇ ಇಟ್ಟಿದ್ದರು, ಕತ್ತಲಾದ ಮೇಲೆ ಕರೆಂಟಿನ ಭರವಸೆ ಇರಲಿಲ್ಲ. ಶಾಮಿಯಾನದ ಕೆಳಗೆ ಊರಿಗೆ ಊರೇ ಸೇರಿತ್ತು. ಪ್ಲಾಸಿಯ ಮಾವಿನ ತೋಪನ್ನು ಬೇವಿನ ಟೊಂಗೆ ನೆಟ್ಟು ಮಾಡಿದ್ದರು. ಮಳೆಗಾಗಿ ಯಾರದೋ ದ್ರಾಕ್ಷಿ ತೋಟದ ಔಷಧ ಹೊಡೆಯುವ ಪಂಪು ತಂದಿದ್ದರು. ತೊಳೆದಿದ್ದೇವೆ ಅಂದರು, ಆದರೆ ಮಳೆ ಬಿದ್ದದ್ದೇ ತಡ ಎರಡೂ ಸೈನ್ಯಗಳು ಕಣ್ಣುಜ್ಜಿಕೊಂಡು ಸೀನತೊಡಗಿದವು. ಕಂಪನಿಯವರು ತಮ್ಮ ಮದ್ದಿನ ಮೇಲೆ ತಾಡಪತ್ರಿ ಹೊದಿಸಿದರು, ನವಾಬನವರು ಮರೆತರು. ಅಷ್ಟರಮಟ್ಟಿಗೆ ಇತಿಹಾಸ ಸರಿಯಾಗಿಯೇ ನಡೆಯಿತು.

ನಡುವೆ ಆಯಾರ ಶುರುವಾಯಿತು. ನಮ್ಮ ಕಡೆ ಆಟ ನಡೆದಾಗ ಪಾತ್ರ ಮಾಡಿದವರ ಬಂಧುಬಳಗ ವೇದಿಕೆ ಹತ್ತಿ ಅವರಿಗೆ ಟವೆಲ್ಲು ಹೊದಿಸಿ, ಕಾಯಿ ಕೊಟ್ಟು ಮರ್ಯಾದೆ ಮಾಡುತ್ತಾರೆ, ಮೈಕಿನವನು ಹೆಸರು ಕೂಗುತ್ತಾನೆ. ಅದು ಮುಗಿಯುವವರೆಗೆ ಎಂಥ ಯುದ್ಧವಾದರೂ ನಿಲ್ಲಬೇಕು. ಗುಂಡು ತಗಲಿ ಸತ್ತಿದ್ದ ನವಾಬನ ದಳಪತಿ, ಸೋದರಮಾವ ಟವೆಲ್ಲು ಹಿಡಿದು ಬಂದದ್ದು ನೋಡಿ ಎದ್ದು ಕೂತ, ಹೊದಿಸಿಕೊಂಡ, ಮಾವನ ಕಾಲು ಮುಟ್ಟಿ ನಮಸ್ಕರಿಸಿ ಮತ್ತೆ ಸತ್ತ. ಕಂಪನಿಯ ಸಾಹೇಬ ಕಿರಾಣಿ ಅಂಗಡಿಯವರ ಮಗ, ಅವನಿಗೆ ಪೇಟೆಯ ಅಂಗಡಿಯವರೆಲ್ಲ ಸಾಲುಗಟ್ಟಿ ಬಂದು ಆಯಾರ ಮಾಡಿದರು. ವ್ಯಾಪಾರಸ್ಥರು ಕಂಪನಿಯ ಬೆನ್ನಿಗೆ ನಿಂತರು ಎಂದು ಮಾಸ್ತರರು ಪಾಠದಲ್ಲಿ ಹೇಳುತ್ತಿದ್ದರು, ನಾಟಕದಲ್ಲಿ ಅದನ್ನು ಬರೆಯುವ ಅಗತ್ಯವೇ ಬೀಳಲಿಲ್ಲ.

ಕೊನೆಗೆ ಅಧ್ಯಕ್ಷರೇ ಎದ್ದರು. ಬಾಜಾದವರನ್ನು ಮುಂದೆ ಬಿಟ್ಟುಕೊಂಡು ವೇದಿಕೆ ಹತ್ತಿ, ಮೊಮ್ಮಗನ ತಲೆಯ ಮೇಲಿನ ಬಾಡಿಗೆ ಪಟಗ ತೆಗೆಸಿ, ತಮ್ಮ ಮನೆತನದ ಜರಿಯ ಪಟಗವನ್ನು ಕೈಯಾರೆ ಕಟ್ಟಿದರು. ಆಮೇಲೆ ಪಕ್ಕದಲ್ಲಿ ಕತ್ತಿ ಹಿಡಿದು ನಿಂತಿದ್ದ ಸೇನಾಪತಿಯ ಕಡೆ ತಿರುಗಿ ಶಾಲು ಹೊದಿಸಿದರು. ಮೈಕು ಇಸಿದುಕೊಂಡು, "ನಮ್ಮ ಮಾಸ್ತರ್ರು ಬಾಳ ದುಡಿದಾರ. ಇವತ್ತಿಂದ ಅವರ ನೌಕರಿ ಕಾಯಂ ಅಂತ ತಿಳೀರಿ" ಎಂದರು. ಜನ ಚಪ್ಪಾಳೆ ತಟ್ಟಿದರು. ಮಾಸ್ತರರ ಹೆಂಡತಿ ಹೆಂಗಸರ ನಡುವೆ ಕೂತಿದ್ದರು, ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಮುಗೀತಪ್ಪ ಈ ಮನುಷ್ಯನ ವನವಾಸ ಅಂದುಕೊಂಡೆ. ಒಂದು ಪ್ಲಾಸಿಯನ್ನು ಗೆಲ್ಲಿಸಿಬಿಟ್ಟರೆ ಆಯಿತು, ಯಾರಿಗೆ ನಷ್ಟ?

ಆಟ ಮುಂದುವರಿಯಿತು. ನವಾಬ ತನ್ನ ಮಾತೆಲ್ಲ ಹೇಳಿದ. ಆಮೇಲೆ ಕಲಿಸಿದಂತೆಯೇ ತಲೆಯ ಮೇಲಿನ ಪಟಗ ತೆಗೆದು ಸೇನಾಪತಿಯ ಕಾಲ ಮುಂದೆ ಇಟ್ಟ.

ಬಾಡಿಗೆ ಪಟಗ ಇಟ್ಟಿದ್ದರೆ ನಾಟಕವಾಗುತ್ತಿತ್ತು. ಇದು ಅಧ್ಯಕ್ಷರ ಮನೆತನದ ಪಟಗ, ಈಗಷ್ಟೇ ಊರ ಮುಂದೆ ಕಟ್ಟಿದ್ದು. ನಮ್ಮಲ್ಲಿ ಪಟಗ ನೆಲಕ್ಕೆ ತಾಗಿದರೆ ಮನೆಯ ಮಾನವೇ ಬಿದ್ದಂತೆ, ಎದುರಿಗಿದ್ದವನು ಅದನ್ನು ಕೂಡಲೇ ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು. ಶಾಮಿಯಾನದಲ್ಲಿ ಕೂಸುಗಳ ಅಳು ಕೂಡ ನಿಂತಿತು. ಎತ್ತರೀ ಮಾಸ್ತರ ಎಂದು ಹಿರಿಯರೊಬ್ಬರು ಕೂಗಿದರು. ಇನ್ನೂ ನಾಲ್ಕು ಕಡೆಯಿಂದ ಅದೇ ಮಾತು ಬಂತು.

ಮಾಸ್ತರರ ಹೆಗಲ ಮೇಲೆ ಅಧ್ಯಕ್ಷರ ಶಾಲು ಇತ್ತು. ಪಟಗದ ಕಡೆ ನೋಡಿದರು, ಹೆಂಡತಿ ಕೂತ ಕಡೆ ಒಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಇವತ್ತ ಹೊತ್ತ ಹೋತು ಹುಜೂರ. ನಾಳಿ ನೋಡೋಣು."

ಎತ್ತಲಿಲ್ಲ. ಕದಲಲಿಲ್ಲ. ಹುಡುಗ ನಂಬಲಾರದೆ ಅವರ ಮುಖ ನೋಡುತ್ತ ನಿಂತ. ನಾಟಕ ಮರೆತು, ಬರ್ರಿ ಸರ, ಬರ್ರಿ ಎಂದು ಮೆಲ್ಲಗೆ ಕರೆದ. ಅಷ್ಟರಲ್ಲಿ ಕಂಪನಿಯ ಸಾಹೇಬ, ಮುಂದೇನು ಎಂದು ಯಾರೂ ಹೇಳಿಕೊಡದಿದ್ದರೂ, ಎದುರಿಗೆ ಯಾರೂ ಅಡ್ಡ ಬರುತ್ತಿಲ್ಲವೆಂದು ಕಂಡು ಬೂಟು ಟಪಟಪ ಮಾಡುತ್ತ ಬಂದು ಸಿಂಹಾಸನದ ಮೇಲೆ ಕೂತ. ಪ್ಲಾಸಿ ಕದನ ಮುಗಿಯಿತು. ಅಧ್ಯಕ್ಷರು ಎದ್ದು ಹೋದರು, ಅವರ ಹಿಂದೆ ಮೊದಲ ಎರಡು ಸಾಲು ಖಾಲಿಯಾದವು. ಪಟಗವನ್ನು ಎತ್ತಿಕೊಂಡು ಓಡಿದವರು ಪಿ.ಟಿ. ಮಾಸ್ತರರು. ಮುಂದೆ ಅವರು ಮುಖ್ಯಗುರುಗಳೂ ಆದರು.

ನನಗೆ ಸಿಟ್ಟು ಬಂದಿತ್ತು, ಅದೂ ಅಧ್ಯಕ್ಷರ ಮೇಲಲ್ಲ. ಅವರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ಸಿಟ್ಟು ಈ ಕೋಟಿನ ಮನುಷ್ಯನ ಮೇಲೆ. ಯಾವ ಕಾಲದ ನವಾಬ, ಯಾವ ಊರಿನ ಯುದ್ಧ, ಅದಕ್ಕಾಗಿ ಮನೆಯ ಒಲೆಗೆ ನೀರು ಸುರಿಯುತ್ತಾರೆಯೇ? ಅವರ ಹೆಂಡತಿ ಮಾತ್ರ ಮರುದಿನ ನಾನು ಹೋದಾಗ ಮಷಿನ್ನು ತುಳಿಯುತ್ತಲೇ ಇದ್ದರು.

ಮರುದಿನ ನಾನು ಹೋದದ್ದು ಮಾಸ್ತರರನ್ನು ಅಧ್ಯಕ್ಷರ ಮನೆಗೆ ಕರೆದುಕೊಂಡು ಹೋಗಲು. ನಡುವೆ ಒಬ್ಬ ಹೆಣ್ಣುಮಗಳಿದ್ದರೆ ಮಾತು ಮೆತ್ತಗಿರುತ್ತದೆ ಎಂದು ನನ್ನ ಮಾವನವರೇ ಕಳಿಸಿದ್ದರು. ಅಧ್ಯಕ್ಷರು ಪಡಸಾಲೆಯಲ್ಲಿ ಕೂತಿದ್ದರು. ಹುಡುಗ ಕಂಬಕ್ಕೆ ಒರಗಿ ನಿಂತಿದ್ದ, ಕಣ್ಣು ಬಾತಿದ್ದವು. ಮಾಸ್ತರರು ಹೋದವರೇ ಕೈಮುಗಿದು, ಪಟಗ ನೆಲದ ಮೇಲಿಡಿಸಿದ್ದು ತಪ್ಪಾಯಿತು, ಮನೆತನದ್ದು ಅನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ಬೇಕಿದ್ದರೆ ಕಾಲು ಹಿಡಿಯುತ್ತೇನೆ ಅಂದರು. ನಿಜವಾಗಿಯೂ ಹಿಡಿಯುತ್ತಿದ್ದರು, ಆ ವಿಷಯದಲ್ಲಿ ಅವರಿಗೆ ಬಿಗುಮಾನ ಇರಲಿಲ್ಲ.

ಅಧ್ಯಕ್ಷರೂ ದೊಡ್ಡ ಮನಸ್ಸು ಮಾಡಿದರು. ಕಾಲು ಬೇಡವಂತೆ. ನಾಳೆ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಹುಡುಗರ ಮುಂದೆ ನಿಂತು, ನಾನು ತೋರಿಸಿದ ಆಟ ತಪ್ಪು, ಪ್ಲಾಸಿಯಲ್ಲಿ ನವಾಬನೇ ಗೆದ್ದ ಎಂದು ಒಂದು ಮಾತು ಹೇಳಿದರೆ ಸಾಕು, ಕಾಗದ ನಾಳೆಯೇ ಹೋಗುತ್ತದೆ. ಇಷ್ಟು ಸೋವಿಯಾಗಿ ಇಂಗ್ಲಿಷರನ್ನು ಸೋಲಿಸುವ ಅವಕಾಶ ನಮ್ಮ ದೇಶದಲ್ಲಿ ಮತ್ಯಾರಿಗೂ ಸಿಕ್ಕಿರಲಿಕ್ಕಿಲ್ಲ. ನಾನು ಅವರ ಕೋಟಿನ ತೋಳನ್ನು ಮೆಲ್ಲಗೆ ಜಗ್ಗಿದೆ.

"ಪಟಗದ್ದು ತಪ್ಪಾತ್ರಿ. ಆಟದ್ದು ತಪ್ಪಾತು ಅನ್ನಾಕ ಬರೂದಿಲ್ರಿ" ಅಂದರು ಮಾಸ್ತರರು.

ಅಧ್ಯಕ್ಷರು ಸರಿ ಎಂಬಂತೆ ತಲೆಯಾಡಿಸಿ, ಎಲೆ ಅಡಿಕೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಅಲ್ಲಿಗೆ ಎಲ್ಲ ಮುಗಿಯಿತು ಎಂದು ನನಗೆ ಗೊತ್ತಾಯಿತು. ಮುಂದೆ ಮಾಸ್ತರರು ಮುದ್ದೇಬಿಹಾಳದ ಕಡೆ ಒಂದು ವರ್ಷ, ಬಸವನ ಬಾಗೇವಾಡಿಯ ಕಡೆ ಎರಡು ವರ್ಷ, ಎಲ್ಲಿ ಕರೆದರೆ ಅಲ್ಲಿ ಜೂನಿನಿಂದ ಮಾರ್ಚಿನವರೆಗೆ ಪಾಠ ಹೇಳುತ್ತ ಅಲೆದರು. ಸಾಯುವವರೆಗೂ ಕಾಯಂ ಆಗಲಿಲ್ಲ. ಆ ದಿನ ಅದೆಲ್ಲ ಅವರ ಮುಖದಲ್ಲಿ ಆಗಲೇ ಬರೆದಂತಿತ್ತು. ಎದ್ದು ನಿಂತರು. ಆಗ ಕಂಬದ ಹತ್ತಿರದ ಹುಡುಗ ಬಾಯಿಬಿಟ್ಟ.

"ನೀವು ಬರ್ತೀರಂತ ನಮ್ಮಜ್ಜ ಹೇಳಿದ್ದ. ಯಾಕ ಬರಲಿಲ್ರಿ ಸರ?"

"ಬರಬೇಕಾಗಿತ್ತಪಾ" ಅಂದರು ಮಾಸ್ತರರು. ಅವರ ದನಿ ಒಡೆಯಿತು. ಅಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿದ್ದು ಅದೊಂದೇ ಸಲ.

ಹುಡುಗ ಕಣ್ಣು ಒರೆಸಿಕೊಂಡು ಕಂಬ ಬಿಟ್ಟು ಮುಂದೆ ಬಂದ. ಆಮೇಲೆ, ನಮ್ಮ ಸಾಲಿಯ ಹುಡುಗರು ಎಂದೂ ಕೇಳದಂಥ ಒಂದು ಪ್ರಶ್ನೆ ಕೇಳಿದ.

"ಸುಮ್ಮ ನಿಂತ್ರ ಏನ ಕೊಡ್ತೇವಿ ಅಂದಿದ್ರು ಅವರು, ಸೇನಾಪತಿಗೆ?"

ಮಾಸ್ತರರು ಅಧ್ಯಕ್ಷರ ಕಡೆ ನೋಡಲಿಲ್ಲ. ಬಾಗಿ, ಹುಡುಗನ ಹೆಗಲ ಮೇಲೆ ಕೈಯಿಟ್ಟು, ತರಗತಿಯಲ್ಲಿ ಹೇಳುವಂತೆಯೇ ಹೇಳಿದರು.

"ಕಾಯಂ ನೌಕರಿ."

"ಕೊಟ್ರ್ಯಾ?"

"ಕೊಟ್ರಪಾ. ಕೊಟ್ಟು, ತಮಗ ಬ್ಯಾಡಾದ ದಿನ ಕಸಗೊಂಡ್ರು."

ಒಳಗಿನಿಂದ ಚಹಾ ಬರುತ್ತಿತ್ತು. ಮಾಸ್ತರರು ಕಾಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದರು. ಹುಡುಗ ಅಜ್ಜನ ಮುಖವನ್ನೇ ನೋಡುತ್ತ ನಿಂತಿದ್ದ.